ತೂಕದ ಚೀಟಿ

ನನ್ನ ಗಂಡ ಎಣಿಸುವ ಕೆಲಸದಲ್ಲಿದ್ದರು. ಕೊಚ್ಚಿಯ ಬಂದರಿಗೆ ಬಂದ ಹಡಗಿನಿಂದ ಇಳಿಯುವ ಮೂಟೆ, ಪೆಟ್ಟಿಗೆ, ಪೀಪಾಯಿಗಳನ್ನು ದಡದಲ್ಲಿ ನಿಂತು ಒಂದೊಂದಾಗಿ ಎಣಿಸಿ ಹಾಳೆಯ ಮೇಲೆ ಗೀಟು ಹಾಕುವುದು ಅವರ ಕೆಲಸ. ನಾಲ್ಕು ನೆಟ್ಟಗೀಟು, ಐದನೆಯದು ಅಡ್ಡಗೀಟು. ಹಾಗೆ ಐದೈದರ ಕಟ್ಟುಗಳಿಂದ ಹಾಳೆ ತುಂಬುತ್ತಿತ್ತು. ಈ ಕೆಲಸ ಮಾಡುವವರಿಗೆ ಟ್ಯಾಲಿ ಗುಮಾಸ್ತ ಎಂದು ಹೆಸರು. ಹಡಗಿನ ಕಂಪನಿಗಳಿಗೆ ಏಜೆಂಟರಾಗಿದ್ದ ಒಂದು ಆಫೀಸಿನಲ್ಲಿ ಅವರು ನೌಕರಿಗಿದ್ದರು. ಆಫೀಸು ವಿಲ್ಲಿಂಗ್ಡನ್ ದ್ವೀಪದಲ್ಲಿತ್ತು, ನಮ್ಮ ಬಾಡಿಗೆ ಮನೆ ಎರ್ನಾಕುಲಂನ ದೋಣಿಕಟ್ಟೆಯಿಂದ ಹತ್ತು ನಿಮಿಷದ ದಾರಿ. ದಿನಾ ಬೆಳಿಗ್ಗೆ ಏಳೂವರೆಯ ಬೋಟಿಗೆ ಹೋಗುತ್ತಿದ್ದರು.

ಇಬ್ಬರೂ ಕಾಸರಗೋಡಿನ ಕಡೆಯವರು. ನನ್ನ ತಂದೆ ತಿರುವನಂತಪುರದಲ್ಲಿ ಕೇಂದ್ರ ಸರಕಾರದ ಕಚೇರಿಯಲ್ಲಿದ್ದುದರಿಂದ ನಾನು ಬೆಳೆದದ್ದು ಅಲ್ಲಿ. ಮಲಯಾಳಂ ಓದಲು ಬರೆಯಲು ಬರುತ್ತಿತ್ತು, ಇಂಗ್ಲಿಷ್ ಟೈಪಿಂಗ್ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದೆ. ಮದುವೆಯಾದ ಮೇಲೆ ಅದರ ಉಪಯೋಗ ಬೀಳಲಿಲ್ಲ. ಮನೆ, ಮಗಳು, ಸಂಜೆ ಅವರು ಬರುವ ಬೋಟು, ಇಷ್ಟರಲ್ಲೇ ದಿನ ಕಳೆಯುತ್ತಿತ್ತು. ನನಗೆ ಕೊರತೆ ಎನಿಸಿರಲಿಲ್ಲ.

ಅವರು ತುಂಬಾ ಮೆದು ಸ್ವಭಾವದವರು. ಎಲ್ಲವನ್ನೂ ಎರಡು ಸಲ ಎಣಿಸುವರು, ಆದರೆ ಯಾರ ಹತ್ತಿರವೂ ಒಂದಕ್ಕಿಂತ ಹೆಚ್ಚು ಸಲ ಕೇಳುವವರಲ್ಲ. ಒಮ್ಮೆ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಕಡಿಮೆ ಅಳೆದು ಕೊಟ್ಟರು. ಇವರು ಒಂದು ಮಾತು ಕೇಳಿದರಂತೆ, ಅಂಗಡಿಯವನು ಸರಿಯಾಗಿಯೇ ಇದೆ ಅಂದನಂತೆ, ಡಬ್ಬ ಹಿಡಿದುಕೊಂಡು ಬಂದೇ ಬಿಟ್ಟರು. ನಾನು ಬೈದೆ. ಅವರು ನಗುತ್ತಾ, "ಒಂದು ಸಲ ಕೇಳಿದೆ ಅಲ್ವಾ ಮಾರಾಯ್ತಿ, ಮತ್ತೆ ಮತ್ತೆ ಕೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಅಂದರು. ಆಗ ನನಗೂ ನಗು ಬಂದಿತ್ತು.

ಅರವತ್ತರ ದಶಕದ ನಡುವಿನ ವರ್ಷ ಅದು. ಮಳೆಗಾಲ ಮುಗಿದು ಬಂದರಿನಲ್ಲಿ ಹಡಗುಗಳ ಸಾಲು ಹೆಚ್ಚಾಗಿತ್ತು. ಆ ದಿನ ಬೆಳಿಗ್ಗೆ ನೀರುದೋಸೆ ಮಾಡಿದ್ದೆ. ಐದು ವರ್ಷದ ಮಗಳು ಅವರ ಬಟ್ಟಲಿನಿಂದಲೇ ತಿಂದಳು. ಹೊರಡುವಾಗ, ಯಂತ್ರದ ಪೆಟ್ಟಿಗೆಗಳು ಇಳಿದರೆ ಈ ಹಡಗಿನ ಕೆಲಸ ಮುಗಿಯುತ್ತದೆ, ಮಧ್ಯಾಹ್ನವೇ ಬರುತ್ತೇನೆ, ಮಗಳನ್ನು ಬೀಚಿಗೆ ಕರೆದುಕೊಂಡು ಹೋಗೋಣ ಎಂದು ಹೇಳಿದರು.

ಹನ್ನೊಂದು ಗಂಟೆಯ ಸುಮಾರಿಗೆ ಆಫೀಸಿನಿಂದ ಇಬ್ಬರು ಬಂದರು. ಒಬ್ಬ ಪ್ಯೂನ್. ಇನ್ನೊಬ್ಬರು ಆಫೀಸಿನ ಹಿರಿಯ ಗುಮಾಸ್ತರು. ಅವರನ್ನು ನಾನು ಓಣಂ ಸಮಯದಲ್ಲಿ ಒಮ್ಮೆ ನೋಡಿದ್ದೆ. ಐವತ್ತು ದಾಟಿದವರು, ಫೋರ್ಟ್ ಕೊಚ್ಚಿಯಲ್ಲಿ ಮನೆ, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಮತ್ತು ಮುಂಡು ಪಂಚೆ. ನನ್ನ ಗಂಡ ಅವರನ್ನು 'ಸಾರ್' ಎನ್ನುತ್ತಿದ್ದರು, ಮನೆಯಲ್ಲಿಯೂ ಅವರ ಮಾತು ಬಂದಾಗ 'ಸಾರ್' ಎಂದೇ. ಆ ದಿನ ಅವರು ಗೇಟಿನ ಒಳಗೆ ಬರಲಿಲ್ಲ. ಚಪ್ಪಲಿಯನ್ನು ಯಾಕೋ ಕೈಯಲ್ಲಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತಿದ್ದರು. ಮಾತಾಡಿದ್ದು ಪ್ಯೂನ್. ಹಡಗಿನಿಂದ ಪೆಟ್ಟಿಗೆ ಇಳಿಸುವಾಗ ತಂತಿ ಹಗ್ಗ ತುಂಡಾಯಿತು, ಪೆಟ್ಟಿಗೆ ದಡಕ್ಕೆ ಬಿತ್ತು, ಆಸ್ಪತ್ರೆಗೆ ಹೋಗಬೇಕು ಎಂದ. ನಾನು ಸೆರಗು ಸರಿಮಾಡಿಕೊಂಡು, ಒಲೆ ಆರಿಸಿ, ಪಕ್ಕದ ಮನೆಯವರ ಕೈಗೆ ಮಗಳನ್ನು ಕೊಟ್ಟು ಹೊರಟೆ. ಆಸ್ಪತ್ರೆಯ ಮೆಟ್ಟಿಲಿನ ಹತ್ತಿರ ಬಂದಾಗ ಪ್ಯೂನ್ ಅಳಲು ಶುರುಮಾಡಿದ. ಆಗ ನನಗೆ ಗೊತ್ತಾಯಿತು.

ಮುಂದಿನ ಕೆಲವು ವಾರಗಳು ನನ್ನ ನೆನಪಿನಲ್ಲಿ ಸರಿಯಾಗಿ ಇಲ್ಲ. ತಂದೆ ತಿರುವನಂತಪುರದಿಂದ ಬಂದರು, ನಮ್ಮೊಟ್ಟಿಗೆ ಬಂದು ಇರು ಎಂದರು. ವಿಚಾರಣೆಗೆ ಯಾರೋ ಅಧಿಕಾರಿಗಳು ಬಂದು ಹೋದರಂತೆ. ತಂತಿ ಹಗ್ಗ ಹಳೆಯದಾಗಿತ್ತು ಎಂದು ಬರೆದು ಮುಗಿಸಿದರಂತೆ. ಹಗ್ಗದ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುವುದು? ತಂದೆಯ ಜೊತೆ ಹೊರಡಲೆಂದು ಗಂಟುಮೂಟೆ ಕಟ್ಟಲು ಶುರುಮಾಡಿದ್ದೆ. ಅಷ್ಟರಲ್ಲಿ ಸಾರ್ ಒಂದು ಸಂಜೆ ಬಂದರು. ಈ ಸಲವೂ ಒಳಗೆ ಬಂದು ಕೂರಲಿಲ್ಲ. ಆಫೀಸಿನಲ್ಲಿ ಟೈಪಿಸ್ಟ್ ಜಾಗ ಇದೆ, ಮ್ಯಾನೇಜರರ ಹತ್ತಿರ ಮಾತಾಡಿದ್ದೇನೆ, ಮುಂದಿನ ಸೋಮವಾರದಿಂದ ಬರಬಹುದು ಎಂದು ತಂದೆಯವರಿಗೆ ಹೇಳಿದರು. ನನ್ನ ಕಡೆ ನೋಡಲಿಲ್ಲ. ತಂದೆಗೆ ಒಪ್ಪಿಗೆ ಇರಲಿಲ್ಲ. ನನಗೆ ಮಾತ್ರ, ನನ್ನ ಗಂಡ ಹೋಗುತ್ತಿದ್ದ ಬೋಟಿನಲ್ಲಿ ಹೋಗಿ ಅವರು ಕೂರುತ್ತಿದ್ದ ಜಾಗದಲ್ಲಿ ಕೂತರೆ ಎಲ್ಲವೂ ಅಷ್ಟು ಬೇಗ ಮುಗಿದುಹೋಗಲಾರದು ಅನಿಸಿತು.

ಕೆಲಸ ಕಲಿಸಿದವರು ಸಾರ್. ಮೊದಲ ದಿನ ನನಗೆ ಏನೂ ಗೊತ್ತಿರಲಿಲ್ಲ. ಹಡಗು ಬರುತ್ತದೆ, ಸಾಮಾನು ಇಳಿಯುತ್ತದೆ, ಯಾರೋ ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ ನನ್ನ ತಿಳಿವಳಿಕೆ. ಸಾರ್ ಮಲಯಾಳಂನಲ್ಲಿ ಹೇಳುವರು, ನಾನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುವೆ. ಒಂದು ಮೂಟೆ ಏಲಕ್ಕಿ ಇಲ್ಲಿಂದ ಬೇರೆ ದೇಶಕ್ಕೆ ಹೋಗಬೇಕು ಅಂದುಕೋ ಎಂದು ಶುರುಮಾಡಿದರು. ಕಳಿಸುವವನು ಮೂಟೆಯನ್ನು ಬಂದರಿನ ಶೆಡ್ಡಿಗೆ ತರುತ್ತಾನೆ. ಕಸ್ಟಮ್ಸಿನವರು ನೋಡಿ ಒಪ್ಪಿಗೆ ಕೊಡುತ್ತಾರೆ. ಟ್ಯಾಲಿ ಗುಮಾಸ್ತ ಎಣಿಸುತ್ತಾನೆ, ಮೂಟೆ ಹಡಗಿಗೆ ಏರುತ್ತದೆ, ಹಡಗಿನ ಅಧಿಕಾರಿ ಇಷ್ಟು ಮೂಟೆ ಬಂತೆಂದು ರಸೀದಿ ಬರೆದುಕೊಡುತ್ತಾನೆ. ಮೂಟೆ ಹರಿದಿದ್ದರೆ, ನೆನೆದಿದ್ದರೆ ಅದನ್ನೂ ಅದರಲ್ಲೇ ಬರೆಯುತ್ತಾನೆ. ಆ ರಸೀದಿಯನ್ನು ನಮ್ಮಂಥ ಏಜೆಂಟರ ಆಫೀಸಿಗೆ ತಂದರೆ ನಾವು ಬಿಲ್ ಆಫ್ ಲೇಡಿಂಗ್ ಕೊಡುತ್ತೇವೆ.

ಆ ಕಾಗದವನ್ನು ಸಾರ್ ಎರಡು ಕೈಯಲ್ಲಿ ಹಿಡಿದು ತೋರಿಸಿದರು. ಇದು ಬರೀ ರಸೀದಿಯಲ್ಲ, ಸರಕೇ ಇದು ಎಂದರು. ಹಡಗು ಸಮುದ್ರದ ನಡುವೆ ಇದ್ದಾಗಲೂ ಈ ಕಾಗದ ಯಾರ ಕೈಯಲ್ಲಿದೆಯೋ ಸರಕು ಅವರದು. ಕಳಿಸುವವನು ಇದನ್ನು ಬ್ಯಾಂಕಿಗೆ ಕೊಡುತ್ತಾನೆ, ಬ್ಯಾಂಕು ಆಚೆಯ ದೇಶದ ಬ್ಯಾಂಕಿಗೆ ಕಳಿಸುತ್ತದೆ, ತರಿಸಿಕೊಂಡವನು ಅಲ್ಲಿಂದ ಬಿಡಿಸಿಕೊಂಡು ಹಡಗಿನವರಿಗೆ ತೋರಿಸಿದರೆ ಮಾತ್ರ ಮೂಟೆ ಸಿಗುತ್ತದೆ. ಇಲ್ಲಿಗೆ ಬರುವ ಸರಕಿಗೂ ಇದೇ ದಾರಿ, ತಿರುಗಿಸಿ ನೋಡಿದರಾಯಿತು. ಇಲ್ಲೇ ಹತ್ತಿರದ ಆಲುವದ ಕಾರ್ಖಾನೆಗೆ ಯಂತ್ರ ಬಂದರೆ, ಅವರು ಈ ಕಾಗದ ತಂದು ನಮಗೊಪ್ಪಿಸಬೇಕು, ನಾವು ಸರಕು ಬಿಟ್ಟುಕೊಡುವ ಆದೇಶ ಬರೆಯಬೇಕು, ಅವರು ಸುಂಕ ಕಟ್ಟಿ ಲಾರಿ ತರಬೇಕು.

ಹಡಗು ತುಂಬುವುದಕ್ಕೂ ಒಂದು ಕ್ರಮ ಇದೆ ಎಂದು ಹೇಳಿಕೊಟ್ಟರು. ಕೊನೆಯ ಬಂದರಿಗೆ ಹೋಗುವುದು ಅಡಿಯಲ್ಲಿ, ಮೊದಲ ಬಂದರಿನದು ಮೇಲೆ. ಭಾರದ್ದು ಕೆಳಗೆ, ನಡುವಿಗೆ. ಚಹಾದ ಪೆಟ್ಟಿಗೆಯ ಪಕ್ಕ ಒಣಮೀನು, ಮೆಣಸು ಇಡಬಾರದು, ಚಹಾ ಯಾವ ವಾಸನೆಯನ್ನೂ ಬೇಗ ಹಿಡಿದುಕೊಳ್ಳುತ್ತದೆ. ಆಫ್ರಿಕಾದಿಂದ ಬರುವ ಹಸಿ ಗೋಡಂಬಿ ಬೀಜದ ಮೂಟೆಗಳು ಹಡಗಿನೊಳಗೆ ಬಿಸಿಯಾಗುತ್ತವೆ, ಗಾಳಿಗೆ ದಾರಿ ಬಿಡಬೇಕು. ಅವರ ಮಾತು ಕೇಳುತ್ತಿದ್ದರೆ ಅವೆಲ್ಲ ಸಾಮಾನುಗಳಲ್ಲ, ಒಂದೇ ಮನೆಯಲ್ಲಿ ಹೊಂದಿಕೊಂಡು ಇರಬೇಕಾದ ಜನ ಅನಿಸುತ್ತಿತ್ತು.

ಒಂದು ವಿಷಯವನ್ನು ಮಾತ್ರ ಅವರು ಮತ್ತೆ ಮತ್ತೆ ಹೇಳುವರು. ಅಂಕಿ ಕಂಡ ಕೂಡಲೇ ಅದರ ಪಕ್ಕ ಏನು ಬರೆದಿದೆ ನೋಡು. ಪೌಂಡೋ, ಕಿಲೋನೋ, ಟನ್ನೋ. ಬರೆದಿಲ್ಲದಿದ್ದರೆ ನೀನಾಗಿ ಊಹಿಸಬೇಡ, ಕೇಳು. ಆ ವರ್ಷಗಳಲ್ಲಿ ನಮ್ಮಲ್ಲಿ ಸೇರು ಪೌಂಡು ಹೋಗಿ ಕಿಲೋ ಬಂದು ಸ್ವಲ್ಪ ಕಾಲವಾಗಿತ್ತಷ್ಟೆ. ಹಡಗುಗಳಲ್ಲಿ ಕೆಲವು ದೇಶದವು ಪೌಂಡಿನಲ್ಲಿ ಬರೆಯುತ್ತಿದ್ದವು, ಕೆಲವು ಕಿಲೋದಲ್ಲಿ. ನಾನು ಟೈಪು ಮಾಡಿದ ಪ್ರತಿ ಹಾಳೆಯಲ್ಲೂ ಸಾರ್ ಬೆರಳಿಟ್ಟು ಅಂಕಿಗಳ ಪಕ್ಕವನ್ನು ನೋಡುವರು. ಒಂದು ಕಡೆ ಬಿಟ್ಟುಹೋದರೆ ಹಾಳೆಯನ್ನು ಹಿಂದಕ್ಕೆ ಕೊಡುವರು, ತಿದ್ದಿ ತಂದ ಮೇಲೆ ಪುನಃ ಮೊದಲಿನಿಂದ ನೋಡುವರು. ವಯಸ್ಸಾದವರ ಅಭ್ಯಾಸ ಎಂದುಕೊಂಡೆ.

ಅವರ ಪ್ರೀತಿ ದೊಡ್ಡದು. ನನ್ನನ್ನು 'ಮೋಳೇ' ಎಂದು ಕರೆಯುವರು, ಮಗಳೇ ಎಂದ ಹಾಗೆ. ಮಳೆಯ ದಿನ ಬೋಟು ತಡವಾದರೆ ನಾನು ಏರುವವರೆಗೂ ಕಟ್ಟೆಯಲ್ಲಿ ನಿಂತಿರುವರು. ಮಗಳ ಶಾಲೆಯ ಅರ್ಜಿಗೆ ಅವರೇ ಓಡಾಡಿದರು. ನಾನು ತಂದೆಗೆ ಬರೆದ ಕಾಗದದಲ್ಲಿ, ಇಲ್ಲಿ ನನಗೆ ಇನ್ನೊಬ್ಬ ತಂದೆ ಸಿಕ್ಕಿದ್ದಾರೆ ಎಂದು ಬರೆದದ್ದು ನೆನಪಿದೆ.

ಹಳೆಯ ಕಡತ ತೆಗೆದರೆ ನನ್ನ ಗಂಡನ ಕೈ ಕಾಣುತ್ತಿತ್ತು. ಐದೈದರ ಗೀಟಿನ ಕಟ್ಟು, ಕೆಳಗೆ ಪುಟ್ಟ ಸಹಿ. ಮೊದಮೊದಲು ಅಂಥ ಹಾಳೆ ಬಂದರೆ ಎದ್ದು ಹೋಗಿ ಮುಖ ತೊಳೆದುಕೊಳ್ಳುತ್ತಿದ್ದೆ. ಆಮೇಲೆ ಅವನ್ನು ಹುಡುಕಲು ಶುರುಮಾಡಿದೆ. ಊಟದ ಹೊತ್ತಿನಲ್ಲಿ ಕಪಾಟಿನ ಮುಂದೆ ಕೂತು ಒಂದೊಂದೇ ಕಟ್ಟು ಬಿಚ್ಚುವುದು, ಅವರು ಯಾವ ದಿನ ಏನು ಎಣಿಸಿದರು ಎಂದು ನೋಡುವುದು. ನನ್ನ ಮದುವೆಯ ಮರುವಾರ ಅವರು ತೆಂಗಿನ ನಾರಿನ ಕಟ್ಟುಗಳನ್ನು ಎಣಿಸಿದ್ದರು. ಮಗಳು ಹುಟ್ಟಿದ ದಿನ ಬೆಳಿಗ್ಗೆ ಗಂಧಕದ ಲೆಕ್ಕಕ್ಕೆ ನಿಂತಿದ್ದರು, ಮಧ್ಯಾಹ್ನದಿಂದ ಬೇರೆಯವರ ಕೈಬರಹ. ಒಂದು ಹಡಗಿನ ಕಡತವನ್ನು ಮಾತ್ರ ನಾನು ಮುಟ್ಟಲಿಲ್ಲ. ಅದು ಕಪಾಟಿನ ಯಾವ ಹಲಗೆಯ ಮೇಲಿದೆ ಎಂದು ಗೊತ್ತಿತ್ತು, ಆ ಕಡೆ ಕೈ ಹೋಗುತ್ತಿರಲಿಲ್ಲ.

ಹಾಗೆ ಎರಡು ವರ್ಷದ ಮೇಲೆ ಕೆಲವು ತಿಂಗಳು ಕಳೆಯಿತು.

ಸಾರ್ ಜ್ವರ ಬಂದು ಒಂದು ವಾರ ರಜೆಯಲ್ಲಿದ್ದಾಗ ಮ್ಯಾನೇಜರರು ನನ್ನನ್ನು ಕರೆದರು. ಅವರು ಮದರಾಸಿನಿಂದ ಹೊಸದಾಗಿ ಬಂದವರು, ನಾನು ಯಾರ ಹೆಂಡತಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೋ, ಹೇಳಿದ್ದು ಮರೆತಿದ್ದರೋ. ವಿಮೆಯವರಿಂದ ಬಂದ ಕಾಗದವೊಂದನ್ನು ನನ್ನ ಮುಂದೆ ಇಟ್ಟರು. ಆಲುವದ ಕಾರ್ಖಾನೆಗೆಂದು ಬಂದ ಯಂತ್ರ ಇಳಿಸುವಾಗ ಬಿದ್ದು ಹಾಳಾದ ವಿಷಯ. ಇಷ್ಟು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಭಾರದ ಪೆಟ್ಟಿಗೆಗಳ ತೂಕದ ಬಗ್ಗೆ ಏಜೆಂಟರು ಸರಕು ಇಳಿಸುವ ಕೂಲಿಗಳ ಮೇಸ್ತ್ರಿಗೆ ಏನು ಮಾಹಿತಿ ಕೊಟ್ಟಿದ್ದರು, ಅದರ ನಕಲು ಕಳಿಸಿ ಎಂದು ಬರೆದಿದ್ದರು. ನಾನು ಹಡಗಿನ ಹೆಸರು ಓದಿದೆ. ಆಗಲಿ ಎಂದು ಹೇಳಿ ಹೊರಗೆ ಬಂದೆ.

ಆ ಹಲಗೆಯಿಂದ ಕಡತ ಇಳಿಸಿದೆ. ದಪ್ಪ ಕಡತ. ಯಂತ್ರದ ಒಂದೊಂದು ಭಾಗಕ್ಕೆ ಏನಾಯಿತು ಎಂದು ಪುಟಗಟ್ಟಲೆ ವರದಿ ಇತ್ತು. ಬಾಗಿದ ಕೊಳವೆ ಎಷ್ಟು, ಒಡೆದ ಚಕ್ರ ಎಷ್ಟು, ಎಲ್ಲದಕ್ಕೂ ಚಿತ್ರ. ನನ್ನ ಗಂಡನ ವಿಷಯ ಒಂದು ಕಡೆ, ಒಂದೇ ಸಾಲಿನಲ್ಲಿ ಇತ್ತು.

ಹಡಗಿನಿಂದ ಬಂದ ಪಟ್ಟಿಯಲ್ಲಿ ಆ ಪೆಟ್ಟಿಗೆಯ ಎದುರು ೪೮೦೦ ಎಂಬ ಅಂಕಿ ಇತ್ತು. ಕಾಲಮ್ಮಿನ ತಲೆಯಲ್ಲಿ, ಹಾಳೆಯ ಮಡಿಕೆ ಬಿದ್ದ ಜಾಗದಲ್ಲಿ, ಕಿಲೋ ಎಂದು ಸಣ್ಣದಾಗಿ ಅಚ್ಚಾಗಿತ್ತು. ಅದರ ಹಿಂದೆ ಮೇಸ್ತ್ರಿಗೆ ಕೊಟ್ಟ ತೂಕದ ಚೀಟಿಯ ಕಾರ್ಬನ್ ನಕಲು. ಅದೇ ಪೆಟ್ಟಿಗೆ, ಎದುರಿಗೆ 'ಎರಡು ಟನ್ನಿಗೆ ಸ್ವಲ್ಪ ಹೆಚ್ಚು' ಎಂದಿತ್ತು. ಎರಡು ವರ್ಷದ ಹಿಂದೆ ಆಗಿದ್ದರೆ ನನಗೆ ಇದರಲ್ಲಿ ಏನೂ ಕಾಣುತ್ತಿರಲಿಲ್ಲ. ಈಗ ಕಾಣಿಸಿತು. ನಾಲ್ಕು ಸಾವಿರದ ಎಂಟುನೂರು ಪೌಂಡು ಆಗಿದ್ದರೆ ಎರಡು ಟನ್ನಿಗೆ ಸ್ವಲ್ಪ ಹೆಚ್ಚು. ಕಿಲೋ ಆದರೆ ಐದು ಟನ್ನಿಗೆ ಸ್ವಲ್ಪ ಕಡಿಮೆ. ಮೇಸ್ತ್ರಿ ಚೀಟಿ ನೋಡಿ ಎರಡೂವರೆ ಟನ್ನು ಎತ್ತುವ ಹಳೆಯ ಹಗ್ಗ ಹಾಕಿದ್ದಾನೆ. ಹಾಕದೆ ಏನು ಮಾಡುತ್ತಾನೆ?

ಚೀಟಿಯ ಬರಹ ನನಗೆ ಗೊತ್ತಿತ್ತು. ದಿನಾ ನನ್ನ ಹಾಳೆಗಳ ಮೇಲೆ ತಿದ್ದುತ್ತಿದ್ದ ಬರಹ ಅದು.

ಶನಿವಾರ ಮಧ್ಯಾಹ್ನ ಆಫೀಸು ಮುಗಿದ ಮೇಲೆ ಫೋರ್ಟ್ ಕೊಚ್ಚಿಯ ಬೋಟು ಹತ್ತಿದೆ. ಚೀಟಿಯ ನಕಲು ಕೈಚೀಲದಲ್ಲಿತ್ತು. ಸಾರ್ ಜಗಲಿಯಲ್ಲಿ ಆರಾಮ ಕುರ್ಚಿಯ ಮೇಲೆ ಶಾಲು ಹೊದ್ದು ಕೂತಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು ಜಗಲಿಗೆ ಹತ್ತಿಸಿ, ಹಾಲಿಲ್ಲದ ಕಟ್ಟನ್ ಚಾಯ ಮಾಡಲು ಒಳಗೆ ಹೋದರು. ನಾನು ಚೀಟಿಯನ್ನು ಸಾರ್ ಅವರ ಮಡಿಲಿನಲ್ಲಿಟ್ಟೆ. ಅವರು ಅದನ್ನು ಎತ್ತಿ ನೋಡಲೂ ಇಲ್ಲ. ಕನ್ನಡಕ ತೆಗೆದು ಬದಿಗಿಟ್ಟರು.

"ಇದು ಯಾವತ್ತು ನಿನ್ನ ಕೈಗೆ ಬರುತ್ತದೋ ಎಂದು ಕಾಯುತ್ತಿದ್ದೆ, ಮೋಳೇ" ಎಂದರು.

"ನಿಮಗೆ ಯಾವಾಗ ಗೊತ್ತಾಯಿತು?"

"ಆವತ್ತೇ. ನಿನ್ನ ಮನೆಯ ಗೇಟಿಗೆ ಬರುವ ಮೊದಲೇ."

ವರ್ಷಗಟ್ಟಲೆ ಬ್ರಿಟಿಷ್ ಹಡಗುಗಳ ಪಟ್ಟಿಯನ್ನೇ ನೋಡಿ ಅಭ್ಯಾಸ, ಅಂಕಿ ಕಂಡರೆ ಪೌಂಡು ಎಂದೇ ಮನಸ್ಸು ಓದುತ್ತಿತ್ತು, ಆ ಹಡಗು ಬೇರೆ ದೇಶದ್ದು ಎಂದು ತಲೆಗೆ ಹೋಗಲಿಲ್ಲ ಎಂದು ಹೇಳಿದರು. ವಿಚಾರಣೆಗೆ ಬಂದವರು ಹಗ್ಗವನ್ನು ನೋಡಿದರು, ತೂಕ ಕೇಳಲಿಲ್ಲ. ಇವರೂ ಹೇಳಲಿಲ್ಲ. ಇದನ್ನೆಲ್ಲ ನಿಧಾನವಾಗಿ, ನನಗೆ ಪಾಠ ಹೇಳುತ್ತಿದ್ದ ದನಿಯಲ್ಲೇ ಹೇಳಿದರು. ನನಗೆ ಅವರ ಮೇಲೆ ಏರಿ ಹೋಗಬೇಕೆನಿಸಿತು. ಅದೇ ಹೊತ್ತಿಗೆ ಅವರ ಶಾಲು ಜಾರುತ್ತಿತ್ತು, ಅದನ್ನು ಸರಿಮಾಡಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

ಆಮೇಲೆ ಅವರು, "ಇನ್ನೊಂದು ಇದೆ. ಅದು ಯಾವ ಕಾಗದದಲ್ಲೂ ಇಲ್ಲ" ಎಂದರು.

ಒಳಗೆ ಲೋಟದ ಸದ್ದು ಕೇಳುತ್ತಿತ್ತು. ಅವರು ಆ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು.

"ಆವತ್ತು ಬೆಳಿಗ್ಗೆ ನಿನ್ನ ಗಂಡ ಈ ಚೀಟಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಿದ್ದ. ಸಾರ್, ನಿನ್ನೆ ಹಡಗಿನೊಳಗೆ ಆ ಪೆಟ್ಟಿಗೆ ನೋಡಿದೆ, ಎರಡು ಟನ್ನಿನ ಹಾಗೆ ಕಾಣುವುದಿಲ್ಲ, ಪಟ್ಟಿ ಒಂದು ಸಲ ನೋಡುತ್ತೀರಾ ಎಂದು ಕೇಳಿದ."

"ನೀವು ಏನು ಹೇಳಿದಿರಿ?"

"ಮೂವತ್ತು ವರ್ಷದಿಂದ ಇದೇ ಮಾಡುತ್ತಿದ್ದೇನೆ, ನೀನು ಹೋಗಿ ಎಣಿಸು ಎಂದೆ. ಅವನು ಸರಿ ಸಾರ್ ಎಂದು ಹೋದ."

ಅವರು ಹೇಳದಿದ್ದರೂ ನನಗೆ ಅದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ನನ್ನ ಗಂಡ ಒಂದು ಸಲ ಕೇಳಿದ್ದಾರೆ. ಉತ್ತರ ಬಂದಿದೆ. ತಲೆ ತಗ್ಗಿಸಿ, ಕೇಳಿದ್ದೇ ತಪ್ಪಾಯಿತೇನೋ ಎನ್ನುವ ಹಾಗೆ ಮೆಟ್ಟಿಲಿಳಿದು ಹೋಗಿದ್ದಾರೆ. ಹೋಗಿ ಹಲಗೆಯ ಮೇಲೆ ಹಾಳೆ ಸಿಕ್ಕಿಸಿಕೊಂಡು ತಮ್ಮ ಜಾಗದಲ್ಲಿ ನಿಂತಿದ್ದಾರೆ. ಮನಸ್ಸಿನಲ್ಲಿ ಸಂಶಯ ಇದ್ದೇ ಇತ್ತು. ಎರಡನೆಯ ಸಲ ಕೇಳುವ ಅಭ್ಯಾಸ ಇರಲಿಲ್ಲ, ಅಷ್ಟೇ. ಆ ಅಭ್ಯಾಸವನ್ನು ನೋಡಿ ನಾನು ಎಷ್ಟು ಸಲ ನಕ್ಕಿದ್ದೇನೆ.

ಚಾಯ ಬಂತು. ಅವರ ಹೆಂಡತಿ ನಮ್ಮಿಬ್ಬರ ಮುಖ ನೋಡಿ ಲೋಟ ಇಟ್ಟು ಒಳಗೆ ಹೋದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ನಾನು ವಿಮೆಯವರ ಕಾಗದದ ವಿಷಯ ಹೇಳಿದೆ. ಚೀಟಿಯ ನಕಲು ಕೇಳಿದ್ದಾರೆ, ಏನು ಮಾಡಲಿ ಎಂದೆ. ಅವರು ಚೀಟಿಯನ್ನು ಮಡಚಿ ನನ್ನ ಕೈಗೆ ಹಿಂದಕ್ಕೆ ಕೊಟ್ಟು, "ಕಳಿಸು" ಎಂದರು. ಚಾಯ ಕುಡಿಯದೆ ಎದ್ದು ಬಂದೆ.

ಭಾನುವಾರವಿಡೀ ಯೋಚನೆ ಮಾಡಿದೆ. ಆ ಚೀಟಿಯನ್ನು ಒಲೆಗೆ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಕಲು ಸಿಗಲಿಲ್ಲ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಮುದುಕರಾಗುತ್ತಿರುವ ಮನುಷ್ಯ, ನಿವೃತ್ತಿಗೆ ಸ್ವಲ್ಪವೇ ಬಾಕಿ. ಸೋಮವಾರ ಹೋಗಿ ಕಾಗದ ಟೈಪು ಮಾಡಿದೆ. ಪಟ್ಟಿಯಲ್ಲಿ ಇದ್ದದ್ದು ಕಿಲೋ, ಚೀಟಿಯಲ್ಲಿ ಬರೆದದ್ದು ಪೌಂಡಿನ ಲೆಕ್ಕ, ನಕಲು ಲಗತ್ತಿಸಿದೆ. ನ್ಯಾಯಕ್ಕಾಗಿ ಬರೆದೆ, ಸೇಡಿಗಾಗಿಯೂ ಬರೆದಿರಬಹುದು. ಕೊನೆಯಲ್ಲಿ ಒಂದು ವಾಕ್ಯ ಸೇರಿಸಿದೆ: ಈ ಘಟನೆಯಲ್ಲಿ ನಮ್ಮ ಟ್ಯಾಲಿ ಗುಮಾಸ್ತರೊಬ್ಬರು ತೀರಿಕೊಂಡರು.

ಮ್ಯಾನೇಜರರು ಓದಿದರು. ಚೆನ್ನಾಗಿ ಬರೆದಿದ್ದೀರಿ ಎಂದರು. ಆಮೇಲೆ ಕೆಂಪು ಪೆನ್ಸಿಲ್ ತೆಗೆದು ಕೊನೆಯ ವಾಕ್ಯದ ಮೇಲೆ ಗೆರೆ ಎಳೆದರು. ವಿಮೆಯವರು ಕೇಳಿರುವುದು ಯಂತ್ರದ ವಿಷಯ, ಇದು ಇದಕ್ಕೆ ಸಂಬಂಧಪಟ್ಟದ್ದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಗದರಿಸಿ ಹೇಳಲಿಲ್ಲ, ಮೃದುವಾಗಿಯೇ ಹೇಳಿದರು. ತೀರಿಕೊಂಡವರು ನನ್ನ ಯಜಮಾನರು ಎಂದು ಹೇಳಬೇಕೆಂದು ಬಾಯಿಯವರೆಗೆ ಬಂತು. ಹೋಗಿ ಆ ವಾಕ್ಯ ಬಿಟ್ಟು ಪುನಃ ಟೈಪು ಮಾಡಿ ತಂದೆ. ಅವರು ಸಹಿ ಹಾಕಿದರು.

ಸಾರ್ ಮತ್ತೆ ಆಫೀಸಿಗೆ ಬರಲಿಲ್ಲ. ಆರೋಗ್ಯ ಸರಿ ಇಲ್ಲವೆಂದು ಬರೆದುಕೊಟ್ಟು ಮುಂಚಿತವಾಗಿಯೇ ಬಿಟ್ಟರು. ಅವರ ಮೇಲೆ ಯಾರೂ ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಕಂಪನಿಗಳು ತಮ್ಮೊಳಗೆ ಏನೋ ಮಾತಾಡಿ ಮುಗಿಸಿಕೊಂಡವು. ಅವರ ಮೇಜು ನನಗೆ ಬಂತು, ತೂಕದ ಚೀಟಿ ಬರೆಯುವ ಕೆಲಸವೂ ಬಂತು. ಪ್ರತಿ ಚೀಟಿಯನ್ನು ಕೊಡುವ ಮೊದಲು ಶೆಡ್ಡಿಗೆ ನಾನೇ ಹೋಗಿ, ಮೇಸ್ತ್ರಿಯನ್ನು ಕೂರಿಸಿಕೊಂಡು ಓದಿ ಹೇಳುತ್ತಿದ್ದೆ. ಹೆಂಗಸು ಹಡಗಿನ ಹತ್ತಿರ ಬರುವುದನ್ನು ನೋಡಿ ಮೊದಲು ನಗುತ್ತಿದ್ದರು, ಆಮೇಲೆ ಅಭ್ಯಾಸವಾಯಿತು. ಟ್ಯಾಲಿ ಗುಮಾಸ್ತರಿಗೆಲ್ಲ, ಸಂಶಯ ಬಂದರೆ ಎಷ್ಟು ಸಲ ಬೇಕಾದರೂ ನನ್ನ ಹತ್ತಿರ ಕೇಳಿ ಎಂದು ಹೇಳಿಟ್ಟಿದ್ದೆ. ಕೆಲವರು ತಮಾಷೆಗೆ ಸುಮ್ಮಸುಮ್ಮನೆ ಬಂದು ಕೇಳುತ್ತಿದ್ದರು. ನಾನು ಪ್ರತಿ ಸಲವೂ ಪಟ್ಟಿ ತೆಗೆದು ತೋರಿಸುತ್ತಿದ್ದೆ.

ಎಪ್ಪತ್ತರ ದಶಕ ಶುರುವಾದ ಮೇಲೆ ತಂದೆಗೆ ಪಾರ್ಶ್ವವಾಯು ಬಡಿಯಿತು. ಮಗಳನ್ನು ಕರೆದುಕೊಂಡು ತಿರುವನಂತಪುರಕ್ಕೆ ಹೋದೆ. ಅಲ್ಲಿ ಚಾಲ ಮಾರುಕಟ್ಟೆಯ ಹಿಂದೆ ಲಾರಿಯಲ್ಲಿ, ರೈಲಿನಲ್ಲಿ ಸಾಮಾನು ಕಳಿಸುವ ಸಣ್ಣ ಆಫೀಸೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಕೆಲಸ ಬೇರೆ ರೀತಿಯದು. ಲಾರಿಗೆ ಹಾಕಿದ ಸರಕಿಗೆ ರಸೀದಿ, ರೈಲಿಗೆ ಹಾಕಿದ್ದಕ್ಕೆ ಇನ್ನೊಂದು ರಸೀದಿ, ಕೊಚ್ಚಿಗೆ ಮುಟ್ಟಿ ಹಡಗಿಗೆ ಏರುವ ಸರಕಾದರೆ ಹಡಗು ಬರುವ ದಿನಕ್ಕೆ ಸರಿಯಾಗಿ ಅಲ್ಲಿ ಇರಬೇಕು. ಒಂದು ದಿನ ಮೊದಲೇ ಹೋದರೆ ಶೆಡ್ಡಿನಲ್ಲಿ ಕೊಳೆಯುತ್ತದೆ, ಒಂದು ದಿನ ತಡವಾದರೆ ಹಡಗು ಹೋಗಿರುತ್ತದೆ. ಹೊಸದಾಗಿ ಸೇರಿದ ಹುಡುಗಿಯರಿಗೆ ನಾನೇ ಕಲಿಸಿದೆ. ಕಲಿಸುವಾಗ ನನ್ನ ಬಾಯಿಂದ ಬರುವ ಮಾತು ಸಾರ್ ಅವರದೇ ಆಗಿರುತ್ತಿತ್ತು. ಅದು ನನಗೆ ತಿಳಿಯುತ್ತಿತ್ತು. ಬೇರೆ ಮಾತು ನನ್ನ ಹತ್ತಿರ ಇರಲಿಲ್ಲ.

ಮಗಳು ಮಲಯಾಳಂನಲ್ಲೇ ಬೆಳೆದಳು. ನಾನು ಕನ್ನಡದಲ್ಲಿ ಕೇಳಿದರೆ ಮಲಯಾಳಂನಲ್ಲಿ ಉತ್ತರಿಸುವಳು. ಅವಳಿಗೆ ಅಪ್ಪನ ಮುಖ ಮಸುಕಾಗಿ ನೆನಪಿದೆ ಎನ್ನುತ್ತಾಳೆ. ಅಪ್ಪನ ದನಿ ನೆನಪಿದೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನನಗೇ ಅದು ಚೂರುಚೂರಾಗಿ ಮರೆತುಹೋಗುತ್ತಿತ್ತು.

ಕೆಲವು ವರ್ಷದ ಮೇಲೆ ಆಫೀಸಿನ ಕೆಲಸದ ಮೇಲೆ ಕೊಚ್ಚಿಗೆ ಹೋಗಬೇಕಾಯಿತು. ಬೋಟಿನಿಂದ ನೋಡಿದರೆ ದಡದಲ್ಲಿ ದೊಡ್ಡ ದೊಡ್ಡ ಕಬ್ಬಿಣದ ಪೆಟ್ಟಿಗೆಗಳು ಕೂತಿದ್ದವು, ಒಂದೊಂದೂ ಒಂದು ಕೋಣೆಯಷ್ಟು. ಬೋಟಿನಲ್ಲಿ ಪಕ್ಕ ಕೂತಿದ್ದ ಬಂದರಿನ ನೌಕರರೊಬ್ಬರು ವಿವರಿಸಿದರು. ಇನ್ನು ಮುಂದೆ ಇದೇ ಕಾಲ, ಕಂಟೇನರ್ ಅಂತ, ಕಾರ್ಖಾನೆಯಲ್ಲೇ ತುಂಬಿ ಬೀಗ ಮುದ್ರೆ ಹಾಕಿ ತರುತ್ತಾರೆ, ಒಳಗಿರುವುದನ್ನು ದಡದಲ್ಲಿ ಯಾರೂ ಎಣಿಸುವುದಿಲ್ಲ, ಪೆಟ್ಟಿಗೆಗೆ ಒಂದು ಗೀಟು ಅಷ್ಟೇ ಎಂದರು. ಅವರಿಗೆ ಅದು ಹೆಮ್ಮೆಯ ವಿಷಯ. ನಾನು ಹೌದೇ ಎಂದೆ. ಕೆಲವು ವರ್ಷ ಮುಂಚೆ ಬರಬಾರದಿತ್ತೇ ಇದು ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಆ ಬೋಟಿನಲ್ಲಿ ನಾನು ಹೋಗುತ್ತಿದ್ದದ್ದು ಫೋರ್ಟ್ ಕೊಚ್ಚಿಗೆ. ಆಫೀಸಿನ ಕೆಲಸ ಬೆಳಿಗ್ಗೆಯೇ ಮುಗಿದಿತ್ತು. ಸಾರ್ ಅದೇ ಜಗಲಿಯಲ್ಲಿದ್ದರು, ಬಹಳ ಇಳಿದಿದ್ದರು. ನನ್ನನ್ನು ಕಂಡು ಏಳಲು ನೋಡಿದರು, ಆಗಲಿಲ್ಲ. ಇಡೀ ದಾರಿ ಒಂದು ಮಾತನ್ನು ಅಭ್ಯಾಸ ಮಾಡಿಕೊಂಡು ಬಂದಿದ್ದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಸಾರ್ ಎಂಬ ಮಾತು, ಮಲಯಾಳಂನಲ್ಲಿ. ಅವರು ಮಗಳು ಎಷ್ಟನೆಯ ಕ್ಲಾಸು ಎಂದು ಕೇಳಿದರು. ಹೇಳಿದೆ. ತಂದೆ ಹೇಗಿದ್ದಾರೆ ಎಂದರು. ಹೇಳಿದೆ. ಈ ವರ್ಷ ಸಿಗಡಿ ಚೆನ್ನಾಗಿ ಬಂದಿದೆ, ಎಲ್ಲ ಹೊರದೇಶಕ್ಕೆ ಹೋಗುತ್ತಿದೆ ಎಂದರು. ಅವರ ಹೆಂಡತಿ ಚಾಯ ತಂದರು, ಈ ಸಲ ಕುಡಿದೆ. ಬೋಟಿನ ಹೊತ್ತಾಯಿತು. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಹೇಳಿದರೆ ಸುಳ್ಳಾಗುತ್ತದೆ ಅನಿಸಿತು, ಹೇಳದಿದ್ದರೆ ಕ್ರೂರವಾಗುತ್ತದೆ ಅನಿಸಿತು. ಬರುತ್ತೇನೆ ಸಾರ್ ಎಂದು ಎದ್ದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಅವರೂ ಏನನ್ನೋ ಕಾಯುತ್ತಿದ್ದರು ಎಂದು ನನಗೆ ಗೊತ್ತಾಯಿತು. ಹೋಗಿ ಬಾ ಮೋಳೇ ಎಂದರು.

ಮುಂದಿನ ವರ್ಷ ಮಳೆಗಾಲದಲ್ಲಿ ಅವರ ಹೆಂಡತಿಯಿಂದ ಕಾಗದ ಬಂತು. ಎರ್ನಾಕುಲಂನ ನಮ್ಮ ಹಳೆಯ ವಿಳಾಸಕ್ಕೆ ಹೋಗಿ, ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಅವರ ಕೈಬರಹ ನನಗೆ ಬಿಡಿಸಲಾಗಲಿಲ್ಲ. ಮಗಳು ಶಾಲೆಯಿಂದ ಬಂದವಳು ಚೀಲ ಇಳಿಸಿ ನಿಂತಲ್ಲೇ ಓದಿ ಹೇಳಿದಳು. ಸಾರ್ ತೀರಿಕೊಂಡಿದ್ದರು. ಕೊನೆಯ ದಿನಗಳಲ್ಲಿ ಎರಡು ಮೂರು ಸಲ ನನ್ನ ಬಗ್ಗೆ ಕೇಳಿದರಂತೆ, ಬರಲು ಅವಳಿಗೆ ಬರೆಯಲೇ ಎಂದು ಹೆಂಡತಿ ಕೇಳಿದರೆ ಬೇಡ ಎಂದರಂತೆ.

ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಅತ್ತೆ. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಆ ಅಳುವಿನಲ್ಲಿ ಯಾರ ಪಾಲು ಎಷ್ಟು ಎಂದು ಬೇರೆ ಮಾಡಲು ನನಗೆ ಆಗಲಿಲ್ಲ. ಮಗಳು ಹೆದರಿ ಹತ್ತಿರ ಬಂದು ಕೂತಳು. ಕಾಗದ ಅವಳ ಕೈಯಲ್ಲೇ ಇತ್ತು.

"ಅದ್ ಆರಾ ಅಮ್ಮೇ?" ಎಂದು ಕೇಳಿದಳು. ಯಾರಮ್ಮ ಅವರು ಎಂದು.

"ನನಗೆ ಕೆಲಸ ಕಲಿಸಿದವರು" ಎಂದೆ. ಅದಕ್ಕಿಂತ ಹೆಚ್ಚು ಆ ದಿನ ಹೇಳಲಿಲ್ಲ. ಆಮೇಲೆಯೂ ಹೇಳಿಲ್ಲ.